ಅವಸರದಲ್ಲಿ ಕೈ ಯಾಕೆ ತಪ್ಪುತ್ತದೆ? ಸ್ಕೇಲು, ಪೆನ್ಸಿಲ್ಲು ಹಿಡಿದು ಮನೆಯಲ್ಲೇ ಅಳೆದು ನೋಡಿ

ನಮ್ಮ ಮನೆ ಬಾಗಿಲಿನ ಬೀಗದ ತೂತಿನ ಸುತ್ತ ಗೀರುಗಳಿವೆ. ಒಂದೆರಡಲ್ಲ. ಮಕ್ಕಳು ಸೂರ್ಯನ ಚಿತ್ರ ಬಿಡಿಸಿ ಸುತ್ತ ಕಿರಣ ಎಳೆಯುತ್ತಾರಲ್ಲ, ಹಾಗೆ ಹಿತ್ತಾಳೆಯ ಮೇಲೆ ಸುತ್ತಲೂ ಹರಡಿವೆ. ಸಂಜೆ ಆರಾಮಾಗಿ ಮನೆಗೆ ಬಂದಾಗ ಬಿದ್ದ ಗೀರುಗಳಲ್ಲ ಇವು. ಬೆಳಿಗ್ಗೆ ಕೆಳಗೆ ಆಟೋದವರು ಹಾರ್ನ್ ಹೊಡೆಯುತ್ತಿರುವಾಗ, ಬೀಗ ಹಾಕುವ ಗಡಿಬಿಡಿಯಲ್ಲಿ ಬಿದ್ದವು. ಅದೇ ಕೈ, ಅದೇ ಕೀಲಿ, ಅದೇ ತೂತು. ಅರ್ಧ ಸೆಕೆಂಡು ಉಳಿಸಲು ಹೋಗಿ ಮೂರು ಸೆಕೆಂಡು ಕಳೆದುಕೊಂಡ ಲೆಕ್ಕ ಅಲ್ಲೇ ಬರೆದಿಟ್ಟ ಹಾಗಿದೆ.

ಇದರ ಹಿಂದೆ ಬಿದ್ದು ಓದಿದಾಗ ಒಂದು ವಿಷಯ ಗೊತ್ತಾಯಿತು. ನಾವು "ಬೇಗ" ಅನ್ನುವುದು ಒಂದೇ ಕೆಲಸ ಅಲ್ಲ. ಹೊರಡುವುದು ಬೇರೆ, ಹೋಗುವುದು ಬೇರೆ, ತಲುಪುವುದು ಬೇರೆ. ಮಿದುಳು ಈ ಮೂರನ್ನೂ ಬೇರೆ ಬೇರೆ ರೀತಿಯಲ್ಲಿ ನಡೆಸುತ್ತದೆ. ಅವಸರ ಬಂದಾಗ ನಾವು ಮೂರನ್ನೂ ಒಟ್ಟಿಗೆ ಹಿಂಡುತ್ತೇವೆ, ಪೆಟ್ಟು ಬೀಳುವುದು ಮಾತ್ರ ಮೂರನೆಯದಕ್ಕೆ. ಓದಿದರೆ ಇದು ನಂಬಿಕೆಗೆ ಬರುವುದಿಲ್ಲ, ಅಳೆದರೆ ಬರುತ್ತದೆ. ಅದಕ್ಕೇ ಈ ಮಾರ್ಗದರ್ಶಿ. ಒಂದು ಭಾನುವಾರದ ಮಧ್ಯಾಹ್ನ ಸಾಕು.

ಏನೇನು ಬೇಕು

30 ಸೆಂ.ಮೀ. ಸ್ಕೇಲು ಒಂದು. ಬಡಗಿ ಅಂಗಡಿಯಲ್ಲಿ ಸಿಗುವ ತೆಳು ರೀಪಿನ ತುಂಡು ಎರಡು, ತಲಾ 60 ಸೆಂ.ಮೀ. ಉದ್ದ. ಅವುಗಳ ಮೇಲೆ ಸೆಂಟಿಮೀಟರ್ ಗುರುತು ಹಾಕಿಕೊಳ್ಳಿ. ರಟ್ಟಿನ ಪಟ್ಟಿ ಬೇಡ, ಗಾಳಿಗೆ ತೇಲಿ ಲೆಕ್ಕ ಕೆಡಿಸುತ್ತದೆ. ನಾಲ್ಕೈದು ಬಿಳಿ ಹಾಳೆ, ಪೆನ್ಸಿಲ್ಲು, ಫೋನಿನಲ್ಲಿ ಒಂದು ಮೆಟ್ರೊನೋಮ್ ಆ್ಯಪ್ (ನಿಮಿಷಕ್ಕೆ ಇಷ್ಟು ಅಂತ ಹೇಳಿದರೆ ಅಷ್ಟು ಸಲ ಟಿಕ್ ಅನ್ನುವಂಥದ್ದು). ಜೊತೆಗೆ ಒಬ್ಬರು ಬೇಕು. ಮನೆಯಲ್ಲಿ ಮಕ್ಕಳಿದ್ದರೆ ಅವರನ್ನು ಕರೆಯಿರಿ, ನಿಮಗಿಂತ ಹುಮ್ಮಸ್ಸಿನಿಂದ ಮಾಡುತ್ತಾರೆ.

ಹಂತ 1: ಹೊರಡುವುದಕ್ಕೆ ಎಷ್ಟು ಹೊತ್ತು?

ಶಾಲೆಯಲ್ಲಿ ಆಡಿದ ಆಟವೇ ಇದು. ಜೊತೆಯವರು ಸ್ಕೇಲಿನ ಮೇಲ್ತುದಿ ಹಿಡಿದು ನೇತುಹಾಕಲಿ. ಸೊನ್ನೆ ಗುರುತು ನಿಮ್ಮ ಹೆಬ್ಬೆರಳು, ತೋರುಬೆರಳಿನ ನಡುವೆ ಇರಲಿ. ಬೆರಳು ಸ್ಕೇಲಿಗೆ ತಾಗಬಾರದು. ಅವರು ಹೇಳದೆ ಕೇಳದೆ ಬಿಡಬೇಕು, ನೀವು ಹಿಡಿಯಬೇಕು. ಮೊದಲ ಮೂರು ಸಲದ್ದು ಲೆಕ್ಕಕ್ಕೆ ಬೇಡ. ಆಮೇಲೆ ಹತ್ತು ಸಲ ಮಾಡಿ, ಬಂದ ಅಳತೆಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಬರೆದು ನಡುವಿನ ಎರಡರ ಸರಾಸರಿ ತೆಗೆದುಕೊಳ್ಳಿ.

ಬೀಳುವ ವಸ್ತುವಿನ ದೂರದಿಂದ ಹೊತ್ತು ಸಿಗುತ್ತದೆ. 10 ಸೆಂ.ಮೀ. ಬಿದ್ದರೆ 0.14 ಸೆಕೆಂಡು. 15 ಆದರೆ 0.175, 20 ಆದರೆ 0.20, 25 ಆದರೆ 0.226. ಪೂರ್ತಿ 30 ಸೆಂ.ಮೀ. ಜಾರಿದರೆ 0.247 ಸೆಕೆಂಡು. 5 ಸೆಂ.ಮೀ.ಗಿಂತ ಮೊದಲೇ ಹಿಡಿದರೆ ಖುಷಿಪಡಬೇಡಿ, ಅದು ಊಹೆ. 5 ಸೆಂ.ಮೀ. ಅಂದರೆ 0.10 ಸೆಕೆಂಡು. ಓಟದ ಸ್ಪರ್ಧೆಗಳಲ್ಲೂ ಇದೇ ಗೆರೆ. ಪಿಸ್ತೂಲಿನ ಸದ್ದಿನ ನಂತರ 0.100 ಸೆಕೆಂಡಿಗೆ ಮೊದಲೇ ಕಾಲು ಒತ್ತಿದರೆ ಅದು ಫಾಲ್ಸ್ ಸ್ಟಾರ್ಟ್. 2022ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 110 ಮೀಟರ್ ಹರ್ಡಲ್ಸ್ ಫೈನಲ್‌ನಲ್ಲಿ ಡೆವನ್ ಆಲೆನ್ 0.099ಕ್ಕೆ ಹೊರಟು, ಒಂದು ಸಾವಿರಾಂಶದಿಂದ ಹೊರಬಿದ್ದರು. 2009ರಲ್ಲಿ ಬರ್ಲಿನ್‌ನಲ್ಲಿ 9.58 ಸೆಕೆಂಡಿನಲ್ಲಿ 100 ಮೀಟರ್ ಓಡಿದ ಉಸೇನ್ ಬೋಲ್ಟ್ ಹೊರಟಿದ್ದು 0.146ಕ್ಕೆ. ನಮ್ಮ ಸ್ಕೇಲಿನ ಲೆಕ್ಕದಲ್ಲಿ ಹತ್ತೂವರೆ ಸೆಂಟಿಮೀಟರ್ ಹತ್ತಿರ. ಆದರೆ ಅವರು ಕೇಳಿದ್ದು ಸದ್ದು, ನೀವು ನೋಡುತ್ತಿರುವುದು ಸ್ಕೇಲು. ಕಣ್ಣಿಗಿಂತ ಕಿವಿಯ ದಾರಿ ಚುರುಕು. ಹಾಗಾಗಿ ಹೋಲಿಸಿ ಬೇಜಾರಾಗಬೇಡಿ.

ಈ ಹೊತ್ತೆಲ್ಲ ಎಲ್ಲಿ ಹೋಯಿತು? ನರದಲ್ಲಿ ಅಲ್ಲ. 1850ರಲ್ಲಿ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ಸಂಕೇತದ ವೇಗ ಅಳೆದಾಗ ಸೆಕೆಂಡಿಗೆ ಸುಮಾರು 27 ಮೀಟರ್ ಬಂತು. ಮನುಷ್ಯರ ಕೈಯ ನರಗಳಲ್ಲಿ ಅದರ ಎರಡರಷ್ಟು ಹಿಡಿಯಿರಿ. ಕತ್ತಿನಿಂದ ಬೆರಳಿಗೆ ಒಂದು ಮೀಟರೂ ಇಲ್ಲ. ಅಂದರೆ ತಂತಿಯಲ್ಲಿ ಕಳೆದದ್ದು ಹದಿನೈದು ಇಪ್ಪತ್ತು ಮಿಲಿಸೆಕೆಂಡು ಅಷ್ಟೇ. ಮಿಕ್ಕಿದ್ದರಲ್ಲಿ ಹೆಚ್ಚಿನ ಪಾಲು ತಲೆಯೊಳಗೆ ಹೋಯಿತು: ಕಂಡದ್ದೇನು, ಮಾಡುವುದೇನು, ಈಗಲೇ ಮಾಡಬೇಕಾ.

ಹಂತ 2: ಆಯ್ಕೆ ಸೇರಿಸಿ

ಈಗ ರೀಪಿನ ತುಂಡುಗಳು. ಜೊತೆಯವರು ಎರಡನ್ನೂ ಹಿಡಿದು ನಿಲ್ಲಲಿ, ಒಂದೊಂದರ ಕೆಳಗೆ ನಿಮ್ಮ ಒಂದೊಂದು ಕೈ. ಅವರು ಒಂದನ್ನು ಮಾತ್ರ ಬಿಡುತ್ತಾರೆ. ಆ ಕೈ ಮಾತ್ರ ಮುಚ್ಚಬೇಕು. ಎರಡೂ ಕೈ ಮುಚ್ಚಿದರೆ ಆ ಸರದಿ ರದ್ದು.

ಪಟ್ಟಿ ಮೊದಲಿಗಿಂತ ಚೆನ್ನಾಗಿಯೇ ಕೆಳಗೆ ಜಾರುತ್ತದೆ. 30 ಸೆಂ.ಮೀ. ಸ್ಕೇಲು ಇಲ್ಲಿ ಯಾಕೆ ಸಾಲದು ಅಂತ ಆಗ ಗೊತ್ತಾಗುತ್ತದೆ. ಆಯ್ಕೆ ಹೆಚ್ಚಿದ ಹಾಗೆ ಹೊರಡುವ ಹೊತ್ತೂ ಹೆಚ್ಚುತ್ತದೆ. 1952ರಲ್ಲಿ ಹಿಕ್, 1953ರಲ್ಲಿ ಹೈಮನ್ ಎಂಬ ಮನಶ್ಶಾಸ್ತ್ರಜ್ಞರು ಇದಕ್ಕೊಂದು ನಿಯಮ ಕೊಟ್ಟರು: ಆಯ್ಕೆ ಎರಡು ಪಟ್ಟಾದಾಗಲೆಲ್ಲ, ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ಅಳತೆಯ ಹೊತ್ತು ಸೇರುತ್ತದೆ. ಬೀಗದ ಗೊಂಚಲಿನಲ್ಲಿ ನಾಲ್ಕು ಒಂದೇ ಥರದ ಕೀಲಿಗಳಿದ್ದರೆ ನೆನಪಿರಲಿ.

ಹಂತ 3: ದೂರ, ಅಗಲ, ಟಿಕ್ ಟಿಕ್

ಒಂದು ಹಾಳೆಯಲ್ಲಿ ಎರಡು ಉದ್ದ ಪಟ್ಟಿ ಬರೆಯಿರಿ. ಪಟ್ಟಿಗಳ ನಡುಗೆರೆಗಳ ಅಂತರ 20 ಸೆಂ.ಮೀ., ಪ್ರತಿ ಪಟ್ಟಿಯ ಅಗಲ 4 ಸೆಂ.ಮೀ. ಪೆನ್ಸಿಲ್ಲು ಹಿಡಿದು ಆ ಪಟ್ಟಿಗೊಂದು ಚುಕ್ಕೆ, ಈ ಪಟ್ಟಿಗೊಂದು ಚುಕ್ಕೆ, ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ, 10 ಸೆಕೆಂಡು. ಜೊತೆಯವರು ಹೊತ್ತು ನೋಡಲಿ. ಕೊನೆಗೆ ಚುಕ್ಕೆ ಎಣಿಸಿ. ಹೊರಗೆ ಬಿದ್ದ ಚುಕ್ಕೆ ಇಪ್ಪತ್ತಕ್ಕೆ ಒಂದಕ್ಕಿಂತ ಜಾಸ್ತಿಯಾದರೆ ಮತ್ತೆ ಮಾಡಿ.

ಇನ್ನೊಂದು ಹಾಳೆಯಲ್ಲಿ ಅಂತರ ಅಷ್ಟೇ ಇರಲಿ, ಅಗಲ 1 ಸೆಂ.ಮೀ. ಮಾಡಿ. ಚುಕ್ಕೆ ಕಡಿಮೆಯಾಗುತ್ತವೆ. ಇದು ಯಾರಿಗಾದರೂ ಗೊತ್ತು. ತಮಾಷೆ ಇರುವುದು ಮೂರನೆಯ ಹಾಳೆಯಲ್ಲಿ. ಅಂತರ ಅರ್ಧ ಮಾಡಿ, 10 ಸೆಂ.ಮೀ. ಅಗಲವನ್ನೂ ಮೊದಲ ಹಾಳೆಯ ಅರ್ಧ ಮಾಡಿ, 2 ಸೆಂ.ಮೀ. ಕೈ ಹೋಗಬೇಕಾದ ದೂರ ಅರ್ಧಕ್ಕಿಳಿಯಿತು, ಹಾಗಾದರೆ ಚುಕ್ಕೆ ಜಾಸ್ತಿ ಬರಬೇಕು ಅಲ್ವಾ? ಬರುವುದಿಲ್ಲ. ಮೊದಲ ಹಾಳೆಯ ಎಣಿಕೆಗೆ ಹತ್ತಿರವೇ ಬಂದು ನಿಲ್ಲುತ್ತದೆ.

1954ರಲ್ಲಿ ಅಮೆರಿಕದ ಓಹಾಯೋದಲ್ಲಿ ಪಾಲ್ ಫಿಟ್ಸ್ ಎಂಬ ಮನಶ್ಶಾಸ್ತ್ರಜ್ಞ ಲೋಹದ ಫಲಕಗಳು ಮತ್ತು ಕಡ್ಡಿ ಇಟ್ಟುಕೊಂಡು ಮಾಡಿದ ಪ್ರಯೋಗ ಇದು. ದೂರ 2 ಇಂಚಿನಿಂದ 16 ಇಂಚು, ಅಗಲ ಕಾಲು ಇಂಚಿನಿಂದ 2 ಇಂಚು. ಅವರು ಕಂಡದ್ದು ಇಷ್ಟು: ಕೈಗೆ ದೂರ ಮುಖ್ಯವಲ್ಲ, ಅಗಲವೂ ಮುಖ್ಯವಲ್ಲ, ದೂರ ಅಗಲದ ಎಷ್ಟು ಪಟ್ಟು ಅನ್ನುವುದು ಮುಖ್ಯ. ಆ ಪಟ್ಟು ಒಂದು ಸಲ ಇಮ್ಮಡಿಯಾದರೆ ಪ್ರತಿ ಚಲನೆಗೆ ಸುಮಾರು 0.1 ಸೆಕೆಂಡು ಸೇರುತ್ತದೆ. ಮೊಬೈಲಿನಲ್ಲಿ ಸಣ್ಣ ಗುಂಡಿ ಒತ್ತಲು ಹೆಣಗುವಾಗಲೆಲ್ಲ ನೀವು ಫಿಟ್ಸ್ ನಿಯಮಕ್ಕೆ ತೆರಿಗೆ ಕಟ್ಟುತ್ತಿದ್ದೀರಿ.

ಕೀಲಿಗೆ ಈ ಲೆಕ್ಕ ಹಾಕಿ ನೋಡಿ. ಕೈ 40 ಸೆಂ.ಮೀ. ದೂರದಿಂದ ಬರುತ್ತದೆ. ತೂತಿನಲ್ಲಿ ಕೀಲಿಗೆ ಇರುವ ಅಡ್ಡಾಡುವ ಜಾಗ ಒಂದೆರಡು ಮಿಲಿಮೀಟರ್. ದೂರ ಅಗಲದ ಇನ್ನೂರರಿಂದ ನಾನೂರು ಪಟ್ಟು. ಒಂದೇ ಏಟಿಗೆ ಹೋಗುತ್ತದೆ ಅನ್ನುವುದೇ ದುರಾಸೆ.

ಹಂತ 4: ಕಣ್ಣು ಮುಚ್ಚಿ ಗೆರೆ ಎಳೆಯುವುದು

ಈ ಹಂತವೇ ನನಗೆ ಅಚ್ಚುಮೆಚ್ಚು. ಸ್ವಲ್ಪ ತಾಳ್ಮೆ ಬೇಕು.

1899ರಲ್ಲಿ ರಾಬರ್ಟ್ ವುಡ್‌ವರ್ತ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ, ಪೆನ್ಸಿಲ್ಲು, ಉರುಳುವ ಕಾಗದ ಮತ್ತು ಮೆಟ್ರೊನೋಮ್ ಇಟ್ಟುಕೊಂಡು ಜನರಿಂದ ಗೆರೆ ಎಳೆಸಿದರು. ನಿಮಿಷಕ್ಕೆ 20 ಗೆರೆಯಿಂದ ಹಿಡಿದು 200ರವರೆಗೆ. ಒಮ್ಮೆ ಕಣ್ಣು ಬಿಟ್ಟು, ಒಮ್ಮೆ ಮುಚ್ಚಿ.

ನೀವು ಹೀಗೆ ಮಾಡಿ. ಹಾಳೆಯ ಮೇಲ್ಭಾಗದಲ್ಲಿ ಸ್ಕೇಲಿಟ್ಟು 10 ಸೆಂ.ಮೀ. ಗೆರೆ ಎಳೆಯಿರಿ. ಮೆಟ್ರೊನೋಮ್ 40ಕ್ಕೆ ಇಡಿ. ಪ್ರತಿ ಟಿಕ್ಕಿಗೆ ಎಡದಿಂದ ಬಲಕ್ಕೆ ಒಂದು ಗೆರೆ, ಪೆನ್ಸಿಲ್ಲು ಎತ್ತಿ ವಾಪಸ್, ಮುಂದಿನ ಟಿಕ್ಕಿಗೆ ಮತ್ತೊಂದು. ಪ್ರತಿ ಗೆರೆಯೂ ಮೇಲಿನದರಷ್ಟೇ ಉದ್ದ ಇರಬೇಕು. ಜೊತೆಯವರು ಹಾಳೆಯನ್ನು ಮೆಲ್ಲಗೆ ಮೇಲಕ್ಕೆ ಎಳೆಯುತ್ತಿರಲಿ, ಗೆರೆಗಳು ಒಂದರ ಮೇಲೊಂದು ಬೀಳದಿರಲಿ. ಒಂದು ಎಚ್ಚರಿಕೆ: ಟಿಕ್ಕಿಗೆ ಕಾದು ಕೂತು, ಬಂದ ಕೂಡಲೇ ಸರ್ರನೆ ಎಳೆದುಬಿಡಬಾರದು. ಟಿಕ್ಕಿನಿಂದ ಟಿಕ್ಕಿಗೆ ಕೈ ನಿಲ್ಲದೆ ಹರಿಯುತ್ತಿರಬೇಕು. ಇದೊಂದು ತಪ್ಪಿದರೆ ಪ್ರಯೋಗವೇ ಕೆಟ್ಟಿತು. ನಾನು ಮೊದಲ ಸಲ ಕೆಡಿಸಿದ್ದು ಹೀಗೇ.

ಕಣ್ಣು ಬಿಟ್ಟು ಹತ್ತು ಗೆರೆ, ಮುಚ್ಚಿ ಹತ್ತು ಗೆರೆ. ಆಮೇಲೆ ಮೆಟ್ರೊನೋಮ್ 160ಕ್ಕೆ ಏರಿಸಿ ಮತ್ತೆ ಹತ್ತು, ಹತ್ತು. ಪ್ರತಿ ಗೆರೆ 10 ಸೆಂ.ಮೀ.ಗಿಂತ ಎಷ್ಟು ಮಿಲಿಮೀಟರ್ ಹೆಚ್ಚು ಅಥವಾ ಕಡಿಮೆ ಅಂತ ಅಳೆಯಿರಿ. ಹೆಚ್ಚೋ ಕಡಿಮೆಯೋ ನೋಡಬೇಡಿ, ತಪ್ಪಿನ ಗಾತ್ರ ಮಾತ್ರ ಬರೆದುಕೊಂಡು ಸರಾಸರಿ ತೆಗೆಯಿರಿ. ಈಗ ನಿಮ್ಮ ಕೈಯಲ್ಲಿ ನಾಲ್ಕು ಸಂಖ್ಯೆಗಳಿವೆ.

ನಿಧಾನಕ್ಕೆ ಎಳೆದಾಗ ಕಣ್ಣು ಬಿಟ್ಟದ್ದಕ್ಕೂ ಮುಚ್ಚಿದ್ದಕ್ಕೂ ದೊಡ್ಡ ವ್ಯತ್ಯಾಸ ಇರುತ್ತದೆ. ಅದರಲ್ಲಿ ಆಶ್ಚರ್ಯ ಇಲ್ಲ. 160ರಲ್ಲಿ ಆ ವ್ಯತ್ಯಾಸ ಹೆಚ್ಚುಕಡಿಮೆ ಕರಗಿಹೋಗುತ್ತದೆ. ಕಣ್ಣು ಬಿಟ್ಟಿದ್ದೀರಿ, ಹಾಳೆ ಎದುರಿಗಿದೆ, ಬೆಳಕಿದೆ. ಆದರೂ ಕುರುಡರಂತೆ ಎಳೆದಿದ್ದೀರಿ. ವುಡ್‌ವರ್ತ್ ಪ್ರಕಾರ ನಿಮಿಷಕ್ಕೆ 140 ದಾಟಿದ ಮೇಲೆ ಕಣ್ಣಿನಿಂದ ಏನೂ ಉಪಕಾರವಿಲ್ಲ.

ಕಾರಣ ಇದು. ಪ್ರತಿ ಚಲನೆಯಲ್ಲೂ ಎರಡು ಭಾಗ. ಮೊದಲನೆಯದು ಎಸೆತ. ಮಿದುಳು ಮೊದಲೇ ಲೆಕ್ಕ ಹಾಕಿ ಕೈಯನ್ನು ಗುರಿಯ ಕಡೆಗೆ ಬಿಡುತ್ತದೆ, ಗೋಲಿ ಬಿಟ್ಟ ಹಾಗೆ. ಎರಡನೆಯದು ತಿದ್ದುವುದು. ಗುರಿಯ ಹತ್ತಿರ ಬಂದ ಮೇಲೆ ಕಣ್ಣು ನೋಡಿ, ಅಷ್ಟು ಆಚೆ, ಇಷ್ಟು ಈಚೆ ಅಂತ ಸರಿಪಡಿಸುತ್ತದೆ. ಈ ತಿದ್ದುಪಡಿಗೆ ಹೊತ್ತು ಬೇಕು. ವುಡ್‌ವರ್ತ್ ಸುಮಾರು 450 ಮಿಲಿಸೆಕೆಂಡು ಅಂದರು. 1968ರಲ್ಲಿ ಕೀಲ್ ಮತ್ತು ಪೋಸ್ನರ್, ಕೈ ಹೊರಟ ಕೂಡಲೇ ಕೆಲವು ಸಲ ದೀಪ ಆರಿಸಿ ಅದನ್ನು ಇನ್ನೂ ಕೆಳಗಿಳಿಸಿದರು. 190 ಮಿಲಿಸೆಕೆಂಡಿನಲ್ಲಿ ಮುಗಿಯುವ ಚಲನೆಗೆ ದೀಪ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. 260ರಲ್ಲಿ ಮುಗಿಯುವ ಚಲನೆಗೆ ದೀಪದಿಂದ ಲಾಭ ಕಂಡಿತು.

ಹಾಗಾಗಿ ಅವಸರ ಮಾಡಿದಾಗ ನಾವು ಉಳಿಸುವುದು ತಿದ್ದುಪಡಿಯ ಹೊತ್ತನ್ನು. ಅದನ್ನು ತೆಗೆದ ಮೇಲೆ ಉಳಿಯುವುದು ಎಸೆತ ಮಾತ್ರ. ಜೋರಾಗಿ ಎಸೆದಷ್ಟೂ ಚೆದುರುವುದು ಜಾಸ್ತಿ. ಸ್ನಾಯುವಿಗೆ ಹೋಗುವ ಸಂಕೇತ ದೊಡ್ಡದಾದಷ್ಟೂ ಅದರ ಜೊತೆಗಿನ ಗದ್ದಲವೂ, ಅಂದರೆ ಲೆಕ್ಕಕ್ಕೆ ಸಿಗದ ಏರುಪೇರೂ, ದೊಡ್ಡದು. 1998ರಲ್ಲಿ ಹ್ಯಾರಿಸ್ ಮತ್ತು ವೋಲ್ಪರ್ಟ್, ಈ ಒಂದೇ ಅಂಶದಿಂದ ಕಣ್ಣು ಮತ್ತು ಕೈಯ ಚಲನೆ ಯಾಕೆ ನುಣುಪಾದ ಏರಿಳಿತದಲ್ಲಿರುತ್ತದೆ ಎಂದು ವಿವರಿಸಬಹುದು ಅಂತ ತೋರಿಸಿದರು.

ನಮ್ಮ ಬೀದಿಯ ತುದಿಯಲ್ಲಿ ಹೂವು ಕಟ್ಟುವ ಅಮ್ಮನನ್ನು ನೋಡಿದರೆ ಎಸೆತವನ್ನು ಎಷ್ಟು ಪಳಗಿಸಬಹುದು ಅನ್ನುವುದು ಕಾಣುತ್ತದೆ. ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ನೂಲಿನ ಸುತ್ತು, ಬೆರಳಿನಿಂದ ಒಂದು ಜಗ್ಗು. ಅಷ್ಟು ಹೊತ್ತಿಗೆ ಕಣ್ಣು ನನ್ನ ಮೇಲಿರುತ್ತದೆ, "ಎಷ್ಟು ಮೊಳ ಸ್ವಾಮಿ?" ಅಂತ ಕೇಳುತ್ತಿರುತ್ತಾರೆ. ಅವರ ಬೆರಳಿಗೆ ತಿದ್ದುಪಡಿಗಾಗಿ ಕಣ್ಣು ಬೇಕಿಲ್ಲ, ನೂಲಿನ ಬಿಗಿಯೇ ಸಾಕು. ಗಮನಿಸಿ, ಅವರ ಮೊಗ್ಗಿನ ರಾಶಿ ಯಾವಾಗಲೂ ಅದೇ ಜಾಗದಲ್ಲಿ, ಅದೇ ಅಳತೆಯ ದೂರದಲ್ಲಿ ಇರುತ್ತದೆ.

ಹಂತ 5: ನಾಲ್ಕನೆಯ ತಟ್ಟಿಗೆ

ಈಗ ಹೊರಡುವ ಕಡೆಗೆ ಮತ್ತೆ ಬರೋಣ. ಮೆಟ್ರೊನೋಮ್ 120ಕ್ಕೆ ಇಡಿ. ಟಿಕ್ಕಿನಿಂದ ಟಿಕ್ಕಿಗೆ ಅರ್ಧ ಸೆಕೆಂಡು. ಮೇಜಿನ ಮೇಲೆ ಎಡಕ್ಕೊಂದು, ಬಲಕ್ಕೊಂದು ಲೋಟ ಬೋರಲು ಹಾಕಿ, ಸ್ಟೀಲಿನದಾದರೆ ಒಳ್ಳೆಯದು. ನೀವು ಒಂದು, ಎರಡು, ಮೂರು ಎಣಿಸಿ ನಾಲ್ಕಕ್ಕೆ ಸರಿಯಾಗಿ ಒಂದು ಲೋಟ ತಟ್ಟಬೇಕು. ಯಾವುದು ಅನ್ನುವುದನ್ನು ಜೊತೆಯವರು ಬೆರಳಲ್ಲಿ ತೋರಿಸುತ್ತಾರೆ. ತೋರಿಸುವ ಹೊತ್ತು ಬದಲಾಗುತ್ತಿರಬೇಕು: ಒಮ್ಮೆ ಮೂರರ ಟಿಕ್ಕಿಗೇ, ಒಮ್ಮೆ ಮೂರಕ್ಕೂ ನಾಲ್ಕಕ್ಕೂ ನಡುವೆ, ಒಮ್ಮೆ ನಾಲ್ಕಕ್ಕೆ ಇನ್ನೇನು ತಾಗುವಾಗ. ನಿಯಮ ಒಂದೇ: ಗೊತ್ತಾಗಲಿ ಬಿಡಲಿ, ನಾಲ್ಕಕ್ಕೆ ತಟ್ಟಲೇಬೇಕು.

ಮೂರಕ್ಕೆ ತೋರಿಸಿದರೆ ತಪ್ಪುವುದಿಲ್ಲ. ನಾಲ್ಕಕ್ಕೆ ತಾಗಿ ತೋರಿಸಿದರೆ ಅರ್ಧಕ್ಕರ್ಧ ತಪ್ಪು, ನಾಣ್ಯ ಹಾರಿಸಿದ ಹಾಗೆ. ಆದರೆ ಕೈ ಮಾತ್ರ ಹೊತ್ತಿಗೆ ಸರಿಯಾಗಿ ಹೋಗಿರುತ್ತದೆ! ಎಲ್ಲಿಗೆ ಅಂತ ತಿಳಿಯದೆಯೇ ಕೈ ಹೊರಟಿತು. ಅಂದರೆ ಎಲ್ಲಿಗೆ ಅನ್ನುವ ಸಿದ್ಧತೆ ಒಂದು, ಹೊರಡು ಅನ್ನುವ ಅಪ್ಪಣೆ ಇನ್ನೊಂದು. 2016ರಲ್ಲಿ ಹೇಯ್ತ್, ಪಕ್‌ಪೂರ್ ಮತ್ತು ಕ್ರಾಕೌರ್ ಪ್ರಯೋಗಾಲಯದಲ್ಲಿ ಇದನ್ನು ನಿಖರವಾಗಿ ಅಳೆದರು. ಅವರು ತೋರಿಸಿದ ಇನ್ನೊಂದು ಸಂಗತಿ ಇನ್ನೂ ಸ್ವಾರಸ್ಯ: ನಮ್ಮ ಪಾಡಿಗೆ ಬಿಟ್ಟರೆ ನಾವು ಸಿದ್ಧತೆ ಮುಗಿದ ಮೇಲೂ ಸ್ವಲ್ಪ ಕಾಯುತ್ತೇವೆ, ತಪ್ಪು ಕಡೆಗೆ ಹೊರಡದಿರಲಿ ಅಂತ. ಮಿದುಳು ಇಟ್ಟುಕೊಂಡ ಆಪದ್ಧನ ಅದು. ಅವಸರ ಮೊದಲು ಕೈ ಹಾಕುವುದು ಇದಕ್ಕೇ.

ಹೊರಟ ಕೈಯನ್ನು ತಡೆಯುವುದಕ್ಕೂ ಹೊತ್ತು ಬೇಕು, ಸುಮಾರು ಕಾಲು ಸೆಕೆಂಡು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನರವಿಜ್ಞಾನ ಕೇಂದ್ರದಲ್ಲಿ ಆದಿತ್ಯ ಮೂರ್ತಿ ಅವರ ತಂಡ ಕಣ್ಣು, ಕೈಗಳ ಚಲನೆಯನ್ನು ಮಿದುಳು ಹೇಗೆ ಯೋಜಿಸುತ್ತದೆ, ಕೊನೇ ಗಳಿಗೆಯಲ್ಲಿ ಹೇಗೆ ತಡೆಯುತ್ತದೆ ಅನ್ನುವುದನ್ನೇ ಅಧ್ಯಯನ ಮಾಡುತ್ತಿದೆ.

ನಡುವೆ ಸ್ವಲ್ಪ: ತಲೆಯೊಳಗೆ ಯಾರು ಏನು ಮಾಡುತ್ತಾರೆ

ಅಳತೆ ಮುಗಿಯಿತು. ಮಿದುಳಿನ ಹೊರಪದರದ ಚಲನಾ ಭಾಗ ಸ್ನಾಯುಗಳಿಗೆ ಆಜ್ಞೆ ಕಳಿಸುತ್ತದೆ. ತಲೆಯ ಹಿಂಭಾಗದಲ್ಲಿರುವ ಅನುಮಸ್ತಿಷ್ಕ ಎಸೆತದ ಲೆಕ್ಕ ನೋಡಿಕೊಳ್ಳುತ್ತದೆ. ಮೊದಲ ಮಹಾಯುದ್ಧದಲ್ಲಿ ಅಲ್ಲಿಗೆ ಗುಂಡಿನ ಗಾಯವಾದ ಸೈನಿಕರನ್ನು ಪರೀಕ್ಷಿಸಿದ ಗಾರ್ಡನ್ ಹೋಮ್ಸ್, ಅವರ ಕೈ ಗುರಿ ದಾಟಿ ಹೋಗುವುದನ್ನೋ ಮೊದಲೇ ನಿಲ್ಲುವುದನ್ನೋ ದಾಖಲಿಸಿದರು.

ವೇಗ ಎಷ್ಟಿರಲಿ ಅನ್ನುವುದರಲ್ಲಿ ದೊಡ್ಡ ಮಾತು ಬೇಸಲ್ ಗ್ಯಾಂಗ್ಲಿಯಾದ್ದು. ಮಿದುಳಿನ ಆಳದಲ್ಲಿರುವ ಈ ನರಕೋಶಗಳ ಗುಂಪುಗಳಿಗೆ ಡೋಪಮೈನ್ ಎಂಬ ರಾಸಾಯನಿಕ ಬೇಕು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಅದು ಕಡಿಮೆಯಾಗಿ ಚಲನೆ ನಿಧಾನವಾಗುತ್ತದೆ. ಆ ಕಾಯಿಲೆ ಇರುವವರಿಗೆ ಬೇಗ ಮಾಡಲು ಬರುವುದೇ ಇಲ್ಲವಾ? ಹಾಗೇನಿಲ್ಲ. ಇಂಥ ವೇಗದಲ್ಲೇ ಮಾಡಿ ಎಂದು ಕೇಳಿದಾಗ, 2007ರ ಒಂದು ಅಧ್ಯಯನದಲ್ಲಿ ರೋಗಿಗಳು ಆರೋಗ್ಯವಂತರಷ್ಟೇ ನಿಖರವಾಗಿ ಮಾಡಿದರು. ಆದರೆ ಆ ವೇಗ ಮುಟ್ಟಲು ಹೆಚ್ಚು ಸಲ ಪ್ರಯತ್ನಿಸಬೇಕಾಯಿತು. ಬೇಗ ಹೋಗುವ ಶಕ್ತಿ ಇತ್ತು, ಬೇಗ ಹೋಗು ಅನ್ನುವ ಒಳಗಿನ ಒತ್ತಾಸೆ ಕಡಿಮೆ ಇತ್ತು. ನಡೆಯಲು ಕಷ್ಟಪಡುವವರು ನೆಲದ ಮೇಲೆ ಗೆರೆ ಎಳೆದಿದ್ದರೆ ಅದನ್ನು ದಾಟುತ್ತಾ ಸಲೀಸಾಗಿ ನಡೆಯುವುದನ್ನು ವೈದ್ಯರು ಕಂಡಿದ್ದಾರೆ. ಅಂದಹಾಗೆ, ಈ ಸ್ಕೇಲು, ಹಾಳೆಯ ಆಟಗಳಿಂದ ಯಾರಿಗೂ ಕಾಯಿಲೆ ಹಚ್ಚಬೇಡಿ. ಮನೆಯ ಹಿರಿಯರ ಚಲನೆ ನಿಜಕ್ಕೂ ನಿಧಾನವಾಗಿದ್ದರೆ ನರರೋಗ ತಜ್ಞರ ಬಳಿ ಕರೆದುಕೊಂಡು ಹೋಗಿ.

ಇನ್ನೊಂದು ವಿಷಯ. ಮಾಂಟ್ರಿಯಲ್‌ನಲ್ಲಿ ತುರಾ ಮತ್ತು ಸಿಸೆಕ್ ನಡೆಸಿದ ಪ್ರಯೋಗಗಳಲ್ಲಿ, ನಿರ್ಧಾರ ಬೇಗ ಮಾಡಬೇಕಾದ ಸನ್ನಿವೇಶ ಬಂದರೆ ಕೈಯ ಚಲನೆಯೂ ತಾನಾಗಿ ಬಿರುಸಾಯಿತು. ಅವಸರ ಒಂದು ಕಡೆ ಹುಟ್ಟಿ ಎಲ್ಲ ಕಡೆಗೂ ಹರಡುತ್ತದೆ. ಆಟೋ ಹಾರ್ನ್‌ಗೂ ಕೀಲಿಗೂ ಸಂಬಂಧವಿಲ್ಲ, ಆದರೂ ಕೀಲಿ ಹಿಡಿದ ಕೈ ಬಿರುಸಾಗುತ್ತದೆ.

ಹಂತ 6: ಬೀಗಕ್ಕೆ ತನ್ನಿ

ಮೊದಲು ಆಯ್ಕೆ ಕಡಿಮೆ ಮಾಡಿ. ಬಾಗಿಲಿನ ಕೀಲಿಯನ್ನು ಗೊಂಚಲಿನಿಂದ ಬೇರೆ ಮಾಡಿ, ಅಥವಾ ಅದರ ತಲೆಗೆ ದಪ್ಪ ನೂಲು ಸುತ್ತಿ. ಕೈ ಜೇಬಿನಲ್ಲೇ ಅದನ್ನು ಗುರುತಿಸಬೇಕು. ಹಲ್ಲು ಯಾವ ಕಡೆಗಿದೆ ಅಂತ ಬಾಗಿಲ ಹತ್ತಿರ ಬರುವ ಮೊದಲೇ ಬೆರಳಿಗೆ ತಿಳಿದಿರಬೇಕು. ಸಿದ್ಧತೆಯನ್ನು ಮುಂಚೆಯೇ ಮುಗಿಸಲು ಯಾರ ಅಡ್ಡಿಯೂ ಇಲ್ಲ.

ಆಮೇಲೆ ದೂರವನ್ನು ಎರಡು ತುಂಡು ಮಾಡಿ. ಜೇಬಿನಿಂದ ಬಾಗಿಲಿನವರೆಗೆ ಎಷ್ಟು ಬೇಗ ಬೇಕಾದರೂ ಬನ್ನಿ. ಕಿರುಬೆರಳನ್ನು ಬೀಗದ ಪಕ್ಕದ ಮರಕ್ಕೆ ಆನಿಸಿ. ಈಗ ಕೀಲಿ ತೂತಿನಿಂದ ಎರಡು ಸೆಂಟಿಮೀಟರ್ ದೂರ. ಇನ್ನೂರು ಪಟ್ಟು ಇದ್ದದ್ದು ಹತ್ತಿಪ್ಪತ್ತಕ್ಕೆ ಇಳಿಯಿತು. ಕೈಗೆ ಆಸರೆಯೂ ಸಿಕ್ಕಿತು. ಈ ಕೊನೆಯ ಎರಡು ಸೆಂಟಿಮೀಟರ್ ಮಾತ್ರ ಕಣ್ಣಿಟ್ಟು ಮಾಡಿ, ಕಾಲು ಸೆಕೆಂಡಿಗಿಂತ ಬೇಗ ಮಾಡಲು ಹೋಗಬೇಡಿ. ಕೇರಂನಲ್ಲಿ ಬೆರಳನ್ನು ಬೋರ್ಡಿಗೆ ಆನಿಸದೆ ಯಾರೂ ಸ್ಟ್ರೈಕರ್ ಹೊಡೆಯುವುದಿಲ್ಲವಲ್ಲ, ಹಾಗೆ.

ಅಭ್ಯಾಸವನ್ನು ನಿಧಾನಕ್ಕೆ ಮಾತ್ರ ಮಾಡಿದರೆ ಸಾಲದು ಅನ್ನುವುದು ನನ್ನ ಅಭಿಪ್ರಾಯ. ನಿಧಾನಕ್ಕೆ ಮಾಡುವಾಗ ಕೆಲಸ ಮಾಡುವುದು ಕಣ್ಣು, ಎಸೆತ ಪಳಗುವುದಿಲ್ಲ. ರಜಾ ದಿನ, ಯಾರೂ ಹಾರ್ನ್ ಹೊಡೆಯದಾಗ, ಮೆಟ್ರೊನೋಮ್ 60ಕ್ಕೆ ಇಟ್ಟು ನಾಲ್ಕು ಟಿಕ್ಕಿನಲ್ಲಿ ಮಾಡಿ: ತೆಗೆ, ಆನಿಸು, ತೂರಿಸು, ತಿರುಗಿಸು. ಸಲೀಸಾದ ಮೇಲೆ 80, ಆಮೇಲೆ 100. ತಪ್ಪಲಿ ಬಿಡಿ. ಚಾಕು, ಈಳಿಗೆಮಣೆ, ಬಿಸಿ ಎಣ್ಣೆಯ ಕೆಲಸಕ್ಕೆ ಮಾತ್ರ ಈ ವಿಧಾನ ಬೇಡವೇ ಬೇಡ.

ಹಂತ 7: ಗೀರು ಎಣಿಸಿ

ತೂತಿನ ಸುತ್ತ ಬಿಳಿ ಪೇಪರ್ ಟೇಪ್ ಅಂಟಿಸಿ, ತೂತಿನ ಜಾಗದಲ್ಲಿ ಬ್ಲೇಡಿನಿಂದ ಕತ್ತರಿಸಿ. ವಾರದ ಕೊನೆಗೆ ಕಿತ್ತು ಗುರುತುಗಳನ್ನು ನೋಡಿ, ಹೊಸದು ಹಚ್ಚಿ. ಎಷ್ಟು ಅನ್ನುವುದಕ್ಕಿಂತ ಎಲ್ಲಿ ಅನ್ನುವುದು ಮುಖ್ಯ. ಸುತ್ತಲೂ ಚೆದುರಿದ್ದರೆ ನೀವು ಇನ್ನೂ ಜೋರಾಗಿ ಎಸೆಯುತ್ತಿದ್ದೀರಿ. ಒಂದೇ ಕಡೆ ಗುಂಪಾಗಿದ್ದರೆ ವೇಗದ ತಪ್ಪಲ್ಲ, ಗುರಿಯೇ ಆ ಕಡೆಗೆ ಸರಿದಿದೆ. ನಿಂತ ಜಾಗವೋ ಮೊಣಕೈಯ ಎತ್ತರವೋ ಬೆಳಕು ಬೀಳುವ ಬದಿಯೋ ಕಾರಣ ಇರಬಹುದು.

ನನ್ನ ಮೊದಲ ಟೇಪಿನಲ್ಲಿ ಗುರುತುಗಳು ಎಲ್ಲೆಲ್ಲೂ ಇದ್ದವು. ನಾಲ್ಕನೆಯ ವಾರದ ಹೊತ್ತಿಗೆ ಸುತ್ತಲಿನವು ಹೋಗಿ, ಕೆಳಗೆ ಬಲಕ್ಕೆ ಒಂದು ಸಣ್ಣ ಗುಂಪು ಉಳಿಯಿತು. ಲ್ಯಾಪ್‌ಟಾಪ್ ಚೀಲ ಬಲ ಹೆಗಲಿನಲ್ಲಿತ್ತು, ಕೈಯನ್ನು ಜಗ್ಗುತ್ತಿತ್ತು. ಈಗ ಚೀಲ ಎಡಕ್ಕೆ ಹೋಗಿದೆ. ಐದನೆಯ ಟೇಪ್ ಶನಿವಾರ ಕೀಳಬೇಕು.